ಮೆಟಲ್ ಹೇಲೈಡ್ ದೀಪದ ಮುಂದಿನ ಗಾಜು ಒಡೆದಿದೆ, ಹಾಗೇ ಉರಿಸಬಹುದಾ?

ಪ್ರಶ್ನೆ: ನಾನು ದಾವಣಗೆರೆ ವಿದ್ಯಾನಗರದವನು. ಮನೆಯಲ್ಲಿ 4 ಅಡಿ ಉದ್ದದ ಸಮುದ್ರ ನೀರಿನ ಅಕ್ವೇರಿಯಂ ಇದೆ. ಒಂದು ಜೋಡಿ ಕ್ಲೌನ್ ಮೀನು, ಒಂದಿಷ್ಟು ಜೋಆಂಥಿಡ್ (ಹೂವಿನ ಹಾಗೆ ಅರಳುವ, ಹವಳದ ಬಳಗದ ಜೀವಿ), ಮಶ್ರೂಮ್ ಹವಳ ಇಟ್ಟಿದ್ದೇನೆ. ಇಷ್ಟು ದಿನ ಎಲ್‌ಇಡಿ ದೀಪ ಇತ್ತು. ಬೆಂಗಳೂರಿನ ಗೆಳೆಯರೊಬ್ಬರಿಂದ 250 ವ್ಯಾಟಿನ ಹಳೆಯ ಮೆಟಲ್ ಹೇಲೈಡ್ ದೀಪ ತಂದೆ. ಬಲ್ಬು ಎರಡೂ ತುದಿಯಲ್ಲಿ ಸಾಕೆಟ್‌ಗೆ ಕೂರುವಂಥದ್ದು. ತರುವಾಗ ದೀಪದ ಮುಂದಿನ ಗಾಜು ಒಡೆಯಿತು. ಗಾಜು ಧೂಳು ತಡೆಯೋಕೆ ಇರಬೇಕು ಅಂದುಕೊಂಡು ಹಾಗೇ ಉರಿಸಿದೆ. ಮೂರನೇ ದಿನ ಸಂಜೆ 7ರಿಂದ 8ರವರೆಗೆ ದೀಪದ ಕೆಳಗೆ ತಲೆ ಹಾಕಿ ಕಲ್ಲು ಜೋಡಿಸಿದೆ. ರಾತ್ರಿ 2 ಗಂಟೆಗೆ ಎಚ್ಚರವಾಯಿತು. ಎರಡೂ ಕಣ್ಣಲ್ಲಿ ಮರಳು ತುಂಬಿದ ಹಾಗೆ ಉರಿ, ಧಾರಾಕಾರ ನೀರು. ಕುತ್ತಿಗೆಯ ಹಿಂಭಾಗ ಕೆಂಪಾಗಿತ್ತು. ಎರಡು ದಿನಕ್ಕೆ ಕಡಿಮೆಯಾಯಿತು. ಜೋಆಂಥಿಡ್‌ಗಳೂ ಮುದುಡಿ ಕೂತಿವೆ. ಇದು ದೀಪದಿಂದ ಆದದ್ದಾ? ನೀರು ಅತಿನೇರಳೆ ಕಿರಣ ತಡೆಯುತ್ತದೆ ಅಂತಾರಲ್ಲ? ಕಿಟಕಿ ಗಾಜು ಹಾಕಿದರೆ ಸಾಕಾ? ಮಗ ಪಕ್ಕದ ಮೇಜಿನಲ್ಲೇ ಓದುತ್ತಾನೆ, ಅದೇ ಚಿಂತೆ.

ಉತ್ತರ: ಇದನ್ನು ಓದುವಾಗ ಆ ದೀಪ ಉರಿಯುತ್ತಿದ್ದರೆ ಮೊದಲು ಎದ್ದು ಹೋಗಿ ಆರಿಸಿ ಬನ್ನಿ. ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ಟೈಮರ್ ಹಾಕಿದ್ದರೆ ನಾಳೆ ಅದು ತಾನಾಗಿ ಹೊತ್ತಿಕೊಳ್ಳುತ್ತದೆ. ಹೊಸ ಗಾಜು ಬರುವವರೆಗೆ ಮೊದಲಿದ್ದ ದೀಪವನ್ನೇ ಹಾಕಿ. ನೀವು ಇಟ್ಟಿರುವ ಹವಳಗಳು ಒಂದೆರಡು ವಾರ ಕಡಿಮೆ ಬೆಳಕಿದ್ದರೆ ಸಾಯುವುದಿಲ್ಲ.

ಹೌದು, ನಿಮ್ಮ ಕಣ್ಣಿಗೆ ಆದದ್ದು ದೀಪದಿಂದಲೇ ಅನ್ನುವುದಕ್ಕೆ ನಿಮ್ಮ ಪತ್ರದಲ್ಲೇ ಮೂರು ಗುರುತುಗಳಿವೆ. ಎರಡೂ ಕಣ್ಣು ಒಟ್ಟಿಗೆ ಉರಿದವು. ಕೆಲಸ ಮುಗಿದ ಎಷ್ಟೋ ಹೊತ್ತಿನ ಮೇಲೆ ಉರಿದವು. ಬಟ್ಟೆ ಮುಚ್ಚದ ಕುತ್ತಿಗೆ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಯಿತು. ವೈದ್ಯರು ಇದನ್ನು ಫೋಟೋಕೆರಟೈಟಿಸ್ ಅನ್ನುತ್ತಾರೆ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ಮೇಲ್ಮೈಯಲ್ಲಿ ಸುಟ್ಟಿರುತ್ತದೆ. ನಮ್ಮ ಪಿ.ಬಿ. ರಸ್ತೆ ಬದಿಯ ಯಾವುದೇ ವೆಲ್ಡಿಂಗ್ ಶೆಡ್ಡಿಗೆ ಹೋಗಿ ಕೇಳಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಖಕ್ಕೆ ಶೀಲ್ಡ್ ಹಿಡಿಯದೆ ನೋಡಿದ ಹುಡುಗ ರಾತ್ರಿ ಪೂರ್ತಿ ಅಳುತ್ತಾ ಕೂತ ಕಥೆ ಅಲ್ಲಿ ಎಲ್ಲರ ಬಳಿಯೂ ಇರುತ್ತದೆ. ನಿಮ್ಮದೂ ಅದೇ ಕಾಯಿಲೆ. ಕಿರಣ ಬಂದ ಜಾಗ ಮಾತ್ರ ಬೇರೆ.

ಒಂದೇ ಒಂದು ಅನುಮಾನ ಇತ್ತು. ನೀವು ಆವತ್ತು ಕಲ್ಲು ಜೋಡಿಸಿದ್ದೀರಿ, ಕಲ್ಲಿನ ಮೇಲೆ ಜೋಆಂಥಿಡ್ ಇವೆ. ಕೆಲವು ಜೋಆಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಘೋರ ವಿಷ ಇರುತ್ತದೆ. ಅದು ಕಣ್ಣಿಗೆ ಸಿಡಿದರೂ ಉರಿ, ನೀರು, ಕೆಂಪು ಬರುತ್ತದೆ. ಆದರೆ ಅದು ಸಾಮಾನ್ಯವಾಗಿ ಸಿಡಿದ ಕಣ್ಣಿಗೆ, ಬೇಗನೆ ಬರುತ್ತದೆ. ಎರಡು ದಿನದಲ್ಲಿ ತಾನಾಗಿ ಇಳಿಯುವ ಬದಲು ಜಾಸ್ತಿ ಆಗುತ್ತಾ ಹೋಗಬಹುದು. ಮುಂದೆ ಯಾವತ್ತಾದರೂ ಕಲ್ಲು ತಿಕ್ಕುವಾಗ ಕಣ್ಣಿಗೆ ನೀರು ಹಾರಿದರೆ ತಡ ಮಾಡದೆ ತೊಳೆದು, ನೇರ ಕಣ್ಣಿನ ವೈದ್ಯರ ಹತ್ತಿರ ಹೋಗಿ. ಕೈಗವಸು ಮತ್ತು ಕನ್ನಡಕ ಇಲ್ಲದೆ ಜೋಆಂಥಿಡ್ ಮುಟ್ಟಲೇಬೇಡಿ.

ಈಗ ಕಣ್ಣಿನ ಆರೈಕೆ. ಅತಿನೇರಳೆಯ ಈ ಸುಟ್ಟಗಾಯ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಮಾಯುತ್ತದೆ, ಯಾಕೆಂದರೆ ಕಾರ್ನಿಯಾದ ಮೇಲ್ಪದರ ಬೇಗ ಬೆಳೆಯುತ್ತದೆ. ಕತ್ತಲ ಕೋಣೆ, ತಣ್ಣೀರ ಬಟ್ಟೆ, ಕಣ್ಣು ಉಜ್ಜದಿರುವುದು, ಲೆನ್ಸ್ ಹಾಕುವವರಾದರೆ ಅದನ್ನು ತೆಗೆದಿಡುವುದು. ಇಷ್ಟೇ. ಹರಳೆಣ್ಣೆ, ಎದೆಹಾಲು, ಆಲೂಗಡ್ಡೆ ಹೋಳು ಅಂತ ಸಲಹೆ ಕೊಡುವವರು ಬರುತ್ತಾರೆ. ಅವರ ಕಾಳಜಿ ನಿಜ, ಆದರೆ ಗಾಯವಾದ ಕಣ್ಣಿಗೆ ಅದ್ಯಾವುದನ್ನೂ ಹಾಕಬೇಡಿ, ಸೋಂಕಿಗೆ ದಾರಿಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಕಣ್ಣು ಮರಗಟ್ಟಿಸುವ ಹನಿಯನ್ನು ತಂದು ಮನೆಯಲ್ಲಿ ಹಾಕಿಕೊಳ್ಳುವುದು. ಉರಿ ತಕ್ಷಣ ನಿಲ್ಲುತ್ತದೆ ನಿಜ, ಆದರೆ ಪದೇ ಪದೇ ಹಾಕಿದರೆ ಗಾಯ ಮಾಯುವುದೇ ನಿಂತು ಕಾರ್ನಿಯಾ ಹಾಳಾಗುತ್ತದೆ. ನಿಮಗೆ ಈಗ ಕಡಿಮೆಯಾಗಿದೆ ಅಂದಿರಿ. ಆದರೂ ಮಂಜು ಮಂಜು ಉಳಿದಿದ್ದರೆ ಅಥವಾ ಬೆಳಕು ನೋಡಲು ಇನ್ನೂ ಕಷ್ಟವಿದ್ದರೆ ಒಮ್ಮೆ ತೋರಿಸಿಬಿಡಿ.

ನಾನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅಕ್ವೇರಿಯಂ ಹವ್ಯಾಸಕ್ಕೆ ಬರುವ ಮೊದಲು ನಾನು ಹಲವು ವರ್ಷ ದೊಡ್ಡ ದೀಪಗಳ ರಿಪೇರಿ ಮಾಡಿದವನು. ನಮ್ಮ ಜಿಲ್ಲೆಯ ಒಂದು ಗೋದಾಮಿನಲ್ಲಿ 400 ವ್ಯಾಟಿನ ಮೆಟಲ್ ಹೇಲೈಡ್ ಬಲ್ಬಿಗೆ ಏಣಿ ತಾಗಿ ಅದರ ಹೊರಗಾಜು ಒಡೆದಿತ್ತು. ಒಳಗಿನ ಬೆರಳು ದಪ್ಪದ ಕೊಳವೆ ಮಾತ್ರ ಏನೂ ಆಗದ ಹಾಗೆ ಉರಿಯುತ್ತಲೇ ಇತ್ತು. ಬೆಳಕು ಇದೆಯಲ್ಲ ಅಂತ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆ ದಿನ ಅದರ ಕೆಳಗೆ ಮೂಟೆ ಹೊತ್ತ ನಾಲ್ವರು ಮರುದಿನ ಕೆಲಸಕ್ಕೆ ಬರಲಿಲ್ಲ. ಐದನೆಯವನು ನಾನು. ಬೆಳಗಿನ ಜಾವ ಹಾಸಿಗೆಯಲ್ಲಿ ಎದ್ದು ಕೂತು, ರೆಪ್ಪೆ ತೆರೆದರೂ ನೋವು, ಮುಚ್ಚಿದರೂ ನೋವು ಅಂತ ಒದ್ದಾಡಿದ್ದು ಇವತ್ತಿಗೂ ನೆನಪಿದೆ. ದೀಪದ ಕೆಳಗೆ ನಿಂತಾಗ ಮಾತ್ರ ಏನೂ ಅನಿಸಿರಲಿಲ್ಲ.

ಇದೇ ಇದರ ದೊಡ್ಡ ತೊಂದರೆ. ಮಂಡಕ್ಕಿ ಭಟ್ಟಿಯ ಬಾಯಿಗೆ ಕೈ ಒಯ್ದರೆ ಮೈ ತಾನೇ ಹಿಂದೆ ಸರಿಯುತ್ತದೆ. ಅತಿನೇರಳೆ ಕಿರಣ ಕಣ್ಣಿಗೆ ಕಾಣುವುದಿಲ್ಲ, ಬಿಸಿ ಅನಿಸುವುದಿಲ್ಲ, ವಾಸನೆಯಿಲ್ಲ. ಸಂಜೆ ಸುಟ್ಟದ್ದು ರಾತ್ರಿ ಗೊತ್ತಾಗುತ್ತದೆ. ನಡುವೆ ಆರರಿಂದ ಹನ್ನೆರಡು ಗಂಟೆ ಅಂತರ ಇರುವುದರಿಂದ ಎಷ್ಟೋ ಜನ ದೀಪವನ್ನು ಅನುಮಾನಿಸುವುದೇ ಇಲ್ಲ. ಧೂಳು ಬಿತ್ತು, ಮದ್ರಾಸ್ ಐ ಬಂತು ಅಂದುಕೊಂಡು ಮರುದಿನ ಮತ್ತೆ ಅದೇ ದೀಪದ ಕೆಳಗೆ ತಲೆ ಹಾಕುತ್ತಾರೆ.

ದೀಪದೊಳಗೆ ಏನಾಗುತ್ತದೆ ಅಂತ ಸ್ವಲ್ಪ ನೋಡೋಣ. ಆ ಸಣ್ಣ ಕೊಳವೆಯಲ್ಲಿ ಆರ್ಗಾನ್ ಅನಿಲ, ಪಾದರಸ, ಕೆಲವು ಲೋಹಗಳ ಅಯೊಡೈಡ್ ಲವಣಗಳಿವೆ. ಎರಡು ತುದಿಗಳ ನಡುವೆ ವಿದ್ಯುತ್ತಿನ ಕಿಡಿ ನಿರಂತರವಾಗಿ ಉರಿಯುತ್ತದೆ. ಒಂದು ಲೆಕ್ಕಕ್ಕೆ ವೆಲ್ಡಿಂಗ್ ಕಿಡಿಯನ್ನು ಕೊಳವೆಯಲ್ಲಿ ಕೂಡಿಹಾಕಿದ ಹಾಗೆ. ಹಬೆಯಾದ ಪಾದರಸ ಕಾಣುವ ಬೆಳಕಿನ ಜೊತೆ ಧಾರಾಳವಾಗಿ ಅತಿನೇರಳೆಯನ್ನೂ ಹೊರಹಾಕುತ್ತದೆ. ಅಷ್ಟು ಬಿಸಿ ತಡೆಯಲು ಕೊಳವೆಯನ್ನು ಕ್ವಾರ್ಟ್ಜ್‌ನಿಂದ ಮಾಡಿರುತ್ತಾರೆ. ಕ್ವಾರ್ಟ್ಜ್ ಮಾಮೂಲಿ ಗಾಜಿನ ಹಾಗಲ್ಲ, ಅತಿನೇರಳೆಯನ್ನು ಸರಾಗವಾಗಿ ಹೊರಗೆ ಬಿಡುತ್ತದೆ.

ಅತಿನೇರಳೆಯಲ್ಲಿ, ಅಂದರೆ ಯುವಿಯಲ್ಲಿ, ಅಲೆಯ ಉದ್ದದ ಲೆಕ್ಕಕ್ಕೆ ಮೂರು ಪಾಲು. 315ರಿಂದ 400 ನ್ಯಾನೋಮೀಟರ್‌ವರೆಗೆ ಯುವಿ-ಎ, 280ರಿಂದ 315ರವರೆಗೆ ಯುವಿ-ಬಿ, ಅದಕ್ಕಿಂತ ಕೆಳಗೆ ಯುವಿ-ಸಿ. ಮೂರೂ ಒಂದೇ ಅಂತ ತಿಳಿಯಬೇಡಿ. ಅಂತರರಾಷ್ಟ್ರೀಯ ಸುರಕ್ಷತಾ ಮಿತಿಯಲ್ಲಿ ಕಣ್ಣಿಗೆ ದಿನದ 8 ಗಂಟೆಯಲ್ಲಿ ಬೀಳಬಹುದಾದ ಯುವಿ-ಎ ಚದರ ಮೀಟರಿಗೆ 10,000 ಜೂಲ್. ಅದೇ 270 ನ್ಯಾನೋಮೀಟರಿನ ಕಿರಣಕ್ಕೆ ಮಿತಿ ಬರೀ 30 ಜೂಲ್. ಮುನ್ನೂರು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ನಮ್ಮ ಏಪ್ರಿಲ್ ಬಿಸಿಲು ಎಷ್ಟೇ ಕಠೋರ ಇದ್ದರೂ ಅದರಲ್ಲಿ ಯುವಿ-ಸಿ ಇರುವುದಿಲ್ಲ, ಓಝೋನ್ ಪದರ ಮೇಲೆಯೇ ತಡೆದುಬಿಡುತ್ತದೆ. ಅಂದರೆ ನಿಮ್ಮ ಕಣ್ಣಾಗಲಿ ಹವಳವಾಗಲಿ ಬಯಲಿನಲ್ಲಿ ಎಂದೂ ಎದುರಿಸದ ಕಿರಣವನ್ನು ಗಾಜಿಲ್ಲದ ದೀಪ ತಲೆಯ ಒಂದಡಿ ಮೇಲಿಂದ ಸುರಿಯುತ್ತದೆ. ಅಷ್ಟು ಹತ್ತಿರದಲ್ಲಿ ದಿನದ ಮಿತಿ ಮುಗಿಯಲು ಕೆಲವು ನಿಮಿಷ ಸಾಕು.

ಹಾಗಾದರೆ ಇಷ್ಟು ವರ್ಷ ಜನ ಈ ದೀಪ ಬಳಸಿದ್ದು ಹೇಗೆ? ಗಾಜಿನ ದಯೆಯಿಂದ. ಒಂದೇ ತುದಿಯಲ್ಲಿ ತಿರುಪು ಇರುವ ದೊಡ್ಡ ಬಲ್ಬುಗಳಿಗೆ ಬೋರೋಸಿಲಿಕೇಟ್‌ನ ಹೊರಗಾಜು ಇರುತ್ತದೆ. ಯುವಿ-ಸಿಯನ್ನೂ ಯುವಿ-ಬಿಯ ಬಹುಪಾಲನ್ನೂ ಅದು ಹೀರಿಕೊಳ್ಳುತ್ತದೆ. ನಿಮ್ಮ ಹಾಗೆ ಎರಡು ತುದಿಯ ಬಲ್ಬಿಗೆ ಆ ರಕ್ಷಣೆ ಇಲ್ಲ. ಅದರ ಹೊರಕೊಳವೆಯೂ ಸಾಮಾನ್ಯವಾಗಿ ಕ್ವಾರ್ಟ್ಜ್. ಆ ಕೆಲಸವನ್ನು ದೀಪದ ಪೆಟ್ಟಿಗೆಯ ಮುಂದಿನ ಗಾಜಿಗೆ ವಹಿಸಿರುತ್ತಾರೆ. ಹಾಗಾಗಿ ನೀವು ಧೂಳಿನ ಗಾಜು ಅಂದುಕೊಂಡದ್ದು ಆ ದೀಪದ ಒಂದು ಅಂಗ. ಅದಿಲ್ಲದೆ ಒಂದು ನಿಮಿಷ ಉರಿಸಿ ನೋಡೋಣ ಅನ್ನುವುದೂ ಬೇಡ.

ನೀರು ತಡೆಯಲ್ವಾ ಅಂತ ಕೇಳಿದ್ದೀರಿ. ಮೊದಲನೆಯದಾಗಿ, ನಿಮ್ಮ ಕಣ್ಣು ನೀರಿನ ಹೊರಗಿದೆ ಅಲ್ವಾ. ಎರಡನೆಯದು, ತಿಳಿನೀರು ಅತಿನೇರಳೆಯನ್ನು ಅಷ್ಟು ಸುಲಭವಾಗಿ ತಡೆಯುವುದೂ ಇಲ್ಲ. ಅಡುಗೆಮನೆಯ ವಾಟರ್ ಪ್ಯೂರಿಫೈಯರ್ ನೆನಪಿಸಿಕೊಳ್ಳಿ. ಅದರೊಳಗಿನ ಪಾದರಸದ ದೀಪ 254 ನ್ಯಾನೋಮೀಟರಿನ ಯುವಿ-ಸಿ ಕೊಡುತ್ತದೆ. ಆ ಕಿರಣ ನೀರನ್ನು ಹಾದುಹೋಗಿಯೇ ರೋಗಾಣು ಕೊಲ್ಲುತ್ತದೆ. ನೀರೇ ತಡೆಯುವುದಾದರೆ ಆ ಯಂತ್ರ ಕೆಲಸವನ್ನೇ ಮಾಡುತ್ತಿರಲಿಲ್ಲ.

ತೊಟ್ಟಿಯ ನೀರಲ್ಲಿ ಅತಿನೇರಳೆ ತಡೆಯುವುದು ಮುಖ್ಯವಾಗಿ ಅದರಲ್ಲಿ ಕರಗಿದ ಹಳದಿ ಬಣ್ಣದ ಕಲ್ಮಶ. ಅನುಭವಿಗಳೂ ಇಲ್ಲಿ ಎಡವುತ್ತಾರೆ. ತಿಂಗಳುಗಟ್ಟಲೆ ಬಿಟ್ಟು ಒಂದೇ ಸಲ ಜಾಸ್ತಿ ಆಕ್ಟಿವೇಟೆಡ್ ಕಾರ್ಬನ್ (ನೀರಿನ ಕಲ್ಮಶ ಹೀರುವ ಇದ್ದಿಲು) ಹಾಕಿದರೆ ನೀರು ಒಂದೆರಡು ದಿನದಲ್ಲಿ ಸ್ಫಟಿಕದ ಹಾಗೆ ತಿಳಿಯಾಗುತ್ತದೆ. ನೋಡಲು ಚೆಂದ. ಆದರೆ ಹವಳದ ಮೇಲಿದ್ದ ಪರದೆ ಸರ್ರನೆ ಎಳೆದ ಹಾಗೆ ಆಗುತ್ತದೆ. ಬೆಳಕೂ ಅತಿನೇರಳೆಯೂ ಒಮ್ಮೆಲೇ ಏರಿ ಹವಳ ಬಿಳುಚುತ್ತದೆ. ಕಾರ್ಬನ್ ಸ್ವಲ್ಪ ಸ್ವಲ್ಪವೇ ಹಾಕಿ, ತಪ್ಪದೆ ಬದಲಿಸುತ್ತಿರಿ.

ನಿಮ್ಮ ಜೋಆಂಥಿಡ್ ಮುದುಡಿದ್ದಕ್ಕೂ ಇದೇ ಬಗೆಯ ಕಾರಣ. ಹವಳಗಳಿಗೆ ತಮ್ಮದೇ ಸನ್‌ಸ್ಕ್ರೀನ್ ಇದೆ. 1969ರಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಹವಳಗಳಲ್ಲಿ 320 ನ್ಯಾನೋಮೀಟರ್ ಆಸುಪಾಸಿನ ಕಿರಣ ಹೀರುವ ವಸ್ತು ಇರುವುದು ವರದಿಯಾಯಿತು. ಮೈಕೋಸ್ಪೋರಿನ್ ಬಗೆಯ ಅಮೈನೋ ಆಮ್ಲಗಳು ಅಂತ ಆಮೇಲೆ ಗೊತ್ತಾಯಿತು. ದಿನಾ ಬಿಸಿಲು ಬೀಳುವ ಮೇಲ್ನೀರಿನ ಹವಳದಲ್ಲಿ ಇದು ಜಾಸ್ತಿ, ಆಳದ್ದರಲ್ಲಿ ಕಡಿಮೆ. ಎಲ್‌ಇಡಿ ಕೆಳಗೆ ಬೆಳೆದ ನಿಮ್ಮ ಹವಳಗಳು ಇದನ್ನು ಹೆಚ್ಚಾಗಿ ಕೂಡಿಟ್ಟಿರಲಿಕ್ಕಿಲ್ಲ, ಅವಕ್ಕೆ ಬೇಕಿರಲೇ ಇಲ್ಲ. ಏಕಾಏಕಿ ಸುರಿದಾಗ ಒಳಗೆ ವಾಸಿಸುವ ಪಾಚಿ ಕಣಗಳನ್ನು ಹೊರಹಾಕಿ ಬಿಳುಚುತ್ತವೆ, ಇಲ್ಲವೇ ಬಾಯಿ ಮುಚ್ಚಿ ಕೂರುತ್ತವೆ. ನಿಮ್ಮವು ಬರೀ ಮುದುಡಿದ್ದರೆ ಚೇತರಿಸಿಕೊಳ್ಳುವ ಸಾಧ್ಯತೆ ಚೆನ್ನಾಗಿದೆ. ಅವನ್ನು ಕಿತ್ತು ಬೇರೆ ಕಡೆ ಇಡಲು ಹೋಗಬೇಡಿ. ನೀರು ಸ್ಥಿರವಾಗಿಟ್ಟು ಸುಮ್ನೆ ಬಿಟ್ಟುಬಿಡಿ.

ಚಿತ್ರದುರ್ಗದಲ್ಲಿ ಒಬ್ಬ ಗೆಳೆಯರ ತೊಟ್ಟಿ ನೋಡಲು ಹೋಗಿದ್ದೆ. ಕೋಟೆಯ ಹತ್ತಿರದ ಮನೆ. ಮೆಟಲ್ ಹೇಲೈಡ್ ಗಾಜನ್ನು ಬೇಸಿಗೆಯಲ್ಲಿ ಬಿಸಿ ಕಡಿಮೆಯಾಗಲಿ ಅಂತ ತೆಗೆದಿಟ್ಟಿದ್ದರು. ತೊಟ್ಟಿಯ ಅಂಚಿಗೆ ಪೈಪು ಹಿಡಿದಿದ್ದ ಬಿಳಿ ಪ್ಲಾಸ್ಟಿಕ್ ಕ್ಲಿಪ್ಪನ್ನು ಎರಡು ಬೆರಳಲ್ಲಿ ಒತ್ತಿದೆ. ಸೀಮೆಸುಣ್ಣದ ಹಾಗೆ ಪುಡಿಯಾಗಿ ಕೈಯಲ್ಲೇ ಉಳಿಯಿತು. ದೀಪಕ್ಕೆ ಮುಖ ಮಾಡಿದ ಬದಿ ಹಳದಿಯಾಗಿ ಬಿರುಕು ಬಿಟ್ಟಿತ್ತು. ನೆರಳಿನ ಬದಿ ಅಂಗಡಿಯಿಂದ ತಂದ ಹಾಗೇ ಇತ್ತು. ಅವರು ಆ ಪುಡಿಯನ್ನು ನೋಡಿ ಮಾತಾಡದೆ ಒಳಗೆ ಹೋಗಿ ಗಾಜು ತಂದರು. ಬಿಸಿಯ ವಿಷಯಕ್ಕೆ ಬಂದರೆ, ಗಾಜು ತೆಗೆದರೆ ನೀರಿಗೆ ಬೀಳುವ ಶಾಖ ಕಡಿಮೆಯಾಗುವುದಿಲ್ಲ. ನೀರಿನ ಮೇಲೆ ಗಾಳಿ ಹಾಯಿಸುವ ಒಂದು ಸಣ್ಣ ಫ್ಯಾನ್ ಅದಕ್ಕಿಂತ ಎಷ್ಟೋ ಉಪಕಾರ ಮಾಡುತ್ತದೆ.

ಇನ್ನು ಯಾವ ಗಾಜು? ಕಿಟಕಿ ಗಾಜು ಯುವಿ-ಸಿ ಮತ್ತು ಯುವಿ-ಬಿಯ ಬಹುಪಾಲನ್ನು ತಡೆಯುತ್ತದೆ, ನಿಮ್ಮ ಊಹೆ ಅಷ್ಟರ ಮಟ್ಟಿಗೆ ಸರಿ. ಆದರೆ ಅದು ಈ ಶಾಖಕ್ಕೆ ನಿಲ್ಲುವುದಿಲ್ಲ. ಬಿಸಿಯಾದ ಗಾಜಿಗೆ ಮೀನು ಬಾಲ ಬಡಿದು ಒಂದು ಹನಿ ಸಿಡಿಸಿದರೂ ಚಟ್ ಅಂತ ಸೀಳಿ, ಉದ್ದುದ್ದ ಚೂರು ತೊಟ್ಟಿಗೆ ಬೀಳುತ್ತದೆ. ಬೇಕಾದದ್ದು ಟಫನ್ ಗ್ಲಾಸ್. ತಡೆಯುವ ಗುಣ ಅದೇ, ಶಾಖ ಸಹಿಸುವ ಶಕ್ತಿ ಜಾಸ್ತಿ. ಒಡೆದರೂ ಕಾರಿನ ಪಕ್ಕದ ಗಾಜಿನ ಹಾಗೆ ಸಣ್ಣ ಹರಳಾಗುತ್ತದೆ. ಹಳೆಯ ಗಾಜು ಎಷ್ಟು ದಪ್ಪ ಇತ್ತೋ ಅಷ್ಟೇ ದಪ್ಪದ್ದು ಹೇಳಿ. ಬಣ್ಣವಿಲ್ಲದ್ದು ಇರಲಿ. ಟಫನ್ ಮಾಡಿದ ಮೇಲೆ ಕತ್ತರಿಸಲು ಆಗುವುದಿಲ್ಲ, ಅದಕ್ಕೆ ಅಳತೆಗೆ ಕತ್ತರಿಸಿ, ಅಂಚು ತಿಕ್ಕಿಸಿ, ಆಮೇಲೆ ಟಫನ್ ಮಾಡಿಸಬೇಕು. ಅಂಗಡಿಯವರು ಹೊರಗೆ ಕಳಿಸಿ ಮಾಡಿಸುತ್ತಾರೆ, ಕೆಲವು ದಿನ ಹಿಡಿಯುತ್ತದೆ. ಕಾಯಿರಿ. ಅಕ್ರಿಲಿಕ್ ಹಾಳೆ ಬೇಡ, ಬಿಸಿಗೆ ಬಾಗಿ ಇಳಿಬೀಳುತ್ತದೆ. ಲ್ಯಾಬಿನ ಫ್ಲಾಸ್ಕ್ ಮಾಡುವ ಬೋರೋಸಿಲಿಕೇಟ್ ಹಾಳೆ ಸಿಕ್ಕರೆ ಇನ್ನೂ ಒಳ್ಳೆಯದಲ್ವಾ ಅಂತ ಅನಿಸಬಹುದು. ಶಾಖಕ್ಕೆ ಅದು ಗಟ್ಟಿ, ಆದರೆ ಮಾಮೂಲಿ ಗಾಜಿಗಿಂತ ಸ್ವಲ್ಪ ಜಾಸ್ತಿ ಯುವಿ-ಬಿ ಬಿಡುತ್ತದೆ. ಹಾಗಾಗಿ ನಮಗೆ ಟಫನ್ನೇ ಸರಿ.

ಗಾಜು ಹಾಕಿದರೆ ಬೆಳಕು ಕಡಿಮೆಯಾಗುತ್ತದೆ ಅಂತ ಹೆದರಬೇಡಿ. ಸ್ವಚ್ಛ ಗಾಜು ನುಂಗುವುದು ನೂರಕ್ಕೆ ಎಂಟು ಹತ್ತು ಭಾಗ. ಅದಕ್ಕಿಂತ ಜಾಸ್ತಿ ಕದಿಯುವುದು ಗಾಜಿನ ಮೇಲೆ ಒಣಗಿ ಕೂತ ಉಪ್ಪಿನ ಪೊರೆ. ವಾರಕ್ಕೊಮ್ಮೆ ದೀಪ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಸ್ವಲ್ಪ ವಿನಿಗರ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಬಲ್ಬನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಉಪ್ಪು ತಾಗಿದ ಕಡೆ ಕ್ವಾರ್ಟ್ಜ್ ಬಿಸಿಯಲ್ಲಿ ಬಿಳಿ ಮಂಜಾಗಿ ಬಲ ಕಳೆದುಕೊಳ್ಳುತ್ತದೆ. ತಾಗಿದ್ದರೆ ಹೊತ್ತಿಸುವ ಮೊದಲು ಸ್ಪಿರಿಟ್‌ನಲ್ಲಿ ಒರೆಸಿ. ಆ ಕೊಳವೆ ಉರಿಯುವಾಗ ಒಳಗಿನ ಒತ್ತಡ ತುಂಬಾ ಜಾಸ್ತಿ. ಅಪರೂಪಕ್ಕೆ ಹಳೆಯ ಬಲ್ಬು ಸಿಡಿಯುತ್ತದೆ. ಆಗ ಕೆಂಡದಂಥ ಚೂರುಗಳನ್ನು ಹಿಡಿಯುವುದೂ ಇದೇ ಗಾಜು. ನಿಮ್ಮದು ಹಳೆಯ ದೀಪವಾದ್ದರಿಂದ ಗಾಜಿನ ಜೊತೆಗೆ ಬಲ್ಬನ್ನೂ ಹೊಸದು ಹಾಕಿ. ಹಳೆಯದರಲ್ಲಿ ಪಾದರಸವಿದೆ, ಮನೆ ಕಸಕ್ಕೆ ಹಾಕದೆ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಒಂದು ತುದಿಯ ಬಲ್ಬು ಇಟ್ಟಿರುವ ಓದುಗರಿಗೂ ಒಂದು ಮಾತು. ಹೊರಗಾಜಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅದನ್ನು ತೆಗೆದುಬಿಡಿ. ಅಮೆರಿಕದ ನಿಯಮ ಪಾಲಿಸುವ ಬಲ್ಬುಗಳ ಮೇಲೆ ಆರ್ ಅಥವಾ ಟಿ ಅನ್ನುವ ಇಂಗ್ಲಿಷ್ ಅಕ್ಷರದ ಗುರುತು ಇರುತ್ತದೆ. ಟಿ ಇದ್ದರೆ ಹೊರಗಾಜು ಪೂರ್ತಿ ಒಡೆದ ಮೇಲೆ 15 ನಿಮಿಷದೊಳಗೆ ತಾನೇ ಆರುತ್ತದೆ. ಆರ್ ಇದ್ದರೆ ನಮ್ಮ ಗೋದಾಮಿನ ದೀಪದ ಹಾಗೆ ಉರಿಯುತ್ತಲೇ ಇರುತ್ತದೆ.

ಕರೆಂಟ್ ಹೋಗಿ ಬರುವ ನಮ್ಮ ಕಡೆ ಇನ್ನೊಂದು ಎಚ್ಚರಿಕೆ ಬೇಕು. ಬಿಸಿಯಾದ ಮೆಟಲ್ ಹೇಲೈಡ್ ಆರಿದರೆ ಮತ್ತೆ ಹೊತ್ತಲು ಹತ್ತು ಹದಿನೈದು ನಿಮಿಷ ಬೇಕು. ಕರೆಂಟ್ ಬಂದರೂ ದೀಪ ಬರಲಿಲ್ಲವಲ್ಲ ಅಂತ ಮುಚ್ಚಳ ಎತ್ತಿ ಇಣುಕಿದಾಗಲೇ ಅದು ಮುಖಕ್ಕೆ ಹೊತ್ತಿಕೊಳ್ಳುತ್ತದೆ. ಹೊತ್ತಿಸುವ ಆ ಕ್ಷಣದಲ್ಲಿ ಸಾವಿರಾರು ವೋಲ್ಟ್ ಇರುತ್ತದೆ, ಪಕ್ಕದಲ್ಲೇ ಉಪ್ಪುನೀರು. ಪ್ಲಗ್ ಕೀಳದೆ ತೆರೆಯಬೇಡಿ. ಆ ಲೈನಿಗೆ ಅರ್ಥಿಂಗ್ ಮತ್ತು 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಇರಲೇಬೇಕು.

ತಂಪು ಕನ್ನಡಕ ಹಾಕಿಕೊಂಡು ಕೆಲಸ ಮಾಡುತ್ತೇನೆ ಅನ್ನುವವರಿದ್ದಾರೆ. ರಸ್ತೆ ಬದಿಯ ಕಪ್ಪು ಕನ್ನಡಕದಲ್ಲಿ ಯುವಿ ತಡೆ ಇರದಿದ್ದರೆ ಕತ್ತಲಿಗೆ ಕಣ್ಣಿನ ಪಾಪೆ ಅಗಲವಾಗಿ ಒಳಗೆ ಜಾಸ್ತಿಯೇ ಹೋಗುತ್ತದೆ. ಅದಕ್ಕಿಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ, ಬದಿಗಳೂ ಮುಚ್ಚಿರುವ ಬಿಳಿ ಪಾಲಿಕಾರ್ಬೊನೇಟ್ ಕನ್ನಡಕ ಒಳ್ಳೆಯದು. ಪಾಲಿಕಾರ್ಬೊನೇಟ್ ಅತಿನೇರಳೆಯನ್ನು ಹೆಚ್ಚುಕಡಿಮೆ ಪೂರ್ತಿ ತಡೆಯುತ್ತದೆ. ಜೋಆಂಥಿಡ್ ನೀರು ಸಿಡಿಯದ ಹಾಗೂ ಕಾಯುತ್ತದೆ. ಆದರೆ ಇದು ಗಾಜಿನ ಜೊತೆಗೆ ಇರಬೇಕಾದದ್ದು, ಗಾಜಿನ ಬದಲಿಗೆ ಅಲ್ಲ.

ಮಗನ ಬಗ್ಗೆ. ಅವನಿಗೆ ಕಣ್ಣುರಿ, ಕೆಂಪು ಏನೂ ಬಂದಿಲ್ಲದಿದ್ದರೆ ಈಗ ಗಾಬರಿ ಬೇಡ. ಬಂದಿದ್ದರೆ ವೈದ್ಯರಿಗೆ ತೋರಿಸಿ, ಗಾಜಿಲ್ಲದ ದೀಪದ ವಿಷಯ ಬಿಡದೆ ಹೇಳಿ. ಆದರೆ ಇವತ್ತು ಒಂದು ಕೆಲಸ ಮಾಡಿ. ಅವನ ಕುರ್ಚಿಯಲ್ಲಿ ಅವನ ಎತ್ತರಕ್ಕೆ ಬಗ್ಗಿ ಕೂತು ದೀಪದ ಕಡೆ ನೋಡಿ. ನಾವು ದೊಡ್ಡವರು ತೊಟ್ಟಿಯನ್ನು ಮೇಲಿಂದ ನೋಡುತ್ತೇವೆ, ರಿಫ್ಲೆಕ್ಟರ್ ನಮಗೆ ಮರೆಯಾಗುತ್ತದೆ. ಕೂತ ಮಗುವಿನ ಕಣ್ಣಿಗೆ ಬಲ್ಬು ಕೆಳಗಿನಿಂದ ನೇರ ಕಾಣಬಹುದು. ಕಂಡರೆ ಗಾಜು ಹಾಕಿದ ಮೇಲೂ ಮೇಜು ಅಲ್ಲಿ ಬೇಡ. ಗಾಜು ದಾಟಿ ಬರುವ ಯುವಿ-ಎ ಮತ್ತು ಕಣ್ಣು ಕೋರೈಸುವ ಬೆಳಕು ದಿನಾ ಗಂಟೆಗಟ್ಟಲೆ ಬೀಳುವುದು ಒಳ್ಳೆಯದಲ್ಲ.

ಎಲ್‌ಇಡಿಗೇ ಇರಲಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮೆಟಲ್ ಹೇಲೈಡ್ ಕೆಳಗೆ ನೀರಿನ ಅಲೆಯ ನೆರಳು ಮರಳ ಮೇಲೆ ಕುಣಿಯುವ ಅಂದ ನನಗೆ ಇನ್ನೂ ಬೇರೆಲ್ಲೂ ಸಿಕ್ಕಿಲ್ಲ. ಆದರೆ ಜೋಆಂಥಿಡ್, ಮಶ್ರೂಮ್‌ಗಳಿಗೆ 250 ವ್ಯಾಟ್ ಬೇಕಾಗಿಲ್ಲ. ಅಕ್ವೇರಿಯಂನ ಎಲ್‌ಇಡಿಯಲ್ಲಿ ಯುವಿ-ಬಿ, ಯುವಿ-ಸಿ ಇರುವುದಿಲ್ಲ. ನಮ್ಮೂರಿನ ಬೇಸಿಗೆಯಲ್ಲಿ ನೀರು ತಣ್ಣಗಿಡುವ ಕಷ್ಟವೂ ಅರ್ಧ ಇಳಿಯುತ್ತದೆ. ನಾನಾಗಿದ್ದರೆ ಎಲ್‌ಇಡಿಯನ್ನೇ ಉಳಿಸಿಕೊಳ್ಳುತ್ತಿದ್ದೆ. ದೊಡ್ಡ ದೀಪ ಬಂತಲ್ಲ ಅಂತ ಮುಂದೆ ಕಲ್ಲುಹವಳ ತರುವ ಆಸೆಯಿದ್ದರೆ ನಿಲ್ಲಿ. ಕಲ್ಲುಹವಳ, ಕಪ್ಪುಹವಳ, ಸಮುದ್ರದ ಬೀಸಣಿಗೆ ಇವೆಲ್ಲ ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪರಿಶಿಷ್ಟ 1ರಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ.

ಆ ದೀಪವನ್ನೇ ಹಾಕುವುದಾದರೆ, ಗಾಜು ಕೂರಿಸಿದ ಮೇಲೆ ಮೊದಲ ದಿನವೇ ಎಂಟು ಗಂಟೆ ಉರಿಸಬೇಡಿ. ದೀಪವನ್ನು ಒಂದಡಿ ಮೇಲೆತ್ತಿ ಕಟ್ಟಿ. ತೊಟ್ಟಿಯ ಮೇಲೆ ಬಿಳಿ ಸೊಳ್ಳೆಪರದೆಯ ಬಟ್ಟೆ ಮೂರು ನಾಲ್ಕು ಮಡಿಕೆ ಹಾಸಿ, ಆದರೆ ದೀಪಕ್ಕೆ ತಾಗದ ಹಾಗೆ. ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿ. ವಾರಕ್ಕೊಂದು ಮಡಿಕೆ ತೆಗೆಯುತ್ತಾ, ಒಂದೊಂದು ಗಂಟೆ ಏರಿಸುತ್ತಾ ಬನ್ನಿ. ಯಾವುದಾದರೂ ವಾರ ಜೋಆಂಥಿಡ್ ಮತ್ತೆ ಮುದುಡಿದರೆ ತೆಗೆದ ಮಡಿಕೆಯನ್ನು ವಾಪಸ್ ಹಾಕಿ. ಗಾಜಿಗೆ ಅಳತೆ ಕೊಡುವಾಗ ಚೌಕಟ್ಟಿಗಿಂತ ಎಲ್ಲಾ ಬದಿಯಲ್ಲೂ ಒಂದೆರಡು ಮಿಲಿಮೀಟರ್ ಕಡಿಮೆ ಹೇಳಿ. ಬಿಸಿಗೆ ಲೋಹ ಮತ್ತು ಗಾಜು ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ಬಿಗಿಯಾಗಿ ಕೂರಿಸಿದರೆ ಹೊಸ ಗಾಜೂ ಒಡೆಯುತ್ತದೆ.